ಹರಾಜಿನಲ್ಲಿ ನನ್ನ ಎಂಟು ಬೆರಳು

ಇದನ್ನು ಹೇಳಬೇಕು, ಹೇಳಬೇಕು ಅಂದುಕೊಂಡು ಎಷ್ಟೋ ವರ್ಷ ಮುಂದೂಡಿದ್ದೇನೆ. ಒಮ್ಮೆ ಬೆನ್ನುನೋವು ಅಡ್ಡ ಬಂತು, ಒಮ್ಮೆ ದೀಪಾವಳಿ ಅಡ್ಡ ಬಂತು, ಉಳಿದಾಗಲೆಲ್ಲ ನಾನೇ ಅಡ್ಡ ಬಂದೆ! ಈಗ ಎಪ್ಪತ್ತನಾಲ್ಕು ದಾಟಿದೆ, ಹೇಳಿಬಿಡುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ನನ್ನ ಅಕ್ಕನ ಗಂಡ, ನನಗೆ ಭಾವ, ಅವರ ಬಾಯಲ್ಲಿ ನಾನು ತಮಿಳಿನವರ ಹಾಗೆ 'ಮಚ್ಚಾ', ಅಷ್ಟು ಸಾಕು. ಕೊಯಮತ್ತೂರು, ತಿರುಪ್ಪೂರು ಎರಡು ಜಿಲ್ಲೆಗಳಲ್ಲಿ ಹುಡುಕಿದರೂ ನೊಣ ಓಡಿಸಲು ಹೋಗಿ ಬಸ್ಸಿನ ಸೀಟಿಗೆ ಒಡೆಯನಾದ ಮನುಷ್ಯ ಇನ್ನೊಬ್ಬ ಸಿಗಲಾರ!

ಪೊಳ್ಳಾಚಿಯಲ್ಲಿ ಹಳೇ ಬಸ್ಸಿನ ಸಾಮಾನು ಹರಾಜು. ಭಾವ ಸುಮ್ಮನೆ ನೋಡಲು ಹೋದವರು. ಮೂಗಿನ ಮೇಲೆ ನೊಣ ಕೂತಿತು, ಕೈ ಬೀಸಿದರು. ಹರಾಜು ಕೂಗುವವನು "ಒರು ತರಂ, ರೆಂಡು ತರಂ, ಮೂಣು ತರಂ" ಎಂದು ಮೂರು ಸಲ ಎಣಿಸಿ ಮೇಜು ಗುದ್ದಿಯೇಬಿಟ್ಟ. ಮೂವರು ಕೂರುವ ಸೀಟು ಮನೆಯ ಜಗುಲಿಗೆ ಬಂತು. ಅದರ ಮೇಲೆ ತಮಿಳಿನಲ್ಲಿ 'ಹೆಂಗಸರಿಗೆ' ಎಂದು ಬರೆದಿತ್ತು. ಅಕ್ಕ ಬಿಡುತ್ತಾಳೆಯೇ? ಅಂದಿನಿಂದ ಭಾವ ಸ್ವಂತ ಜಗುಲಿಯಲ್ಲಿ ನಿಂತುಕೊಂಡು ಪೇಪರ್ ಓದುತ್ತಾರೆ!

ಬೇರೆಯವರಾಗಿದ್ದರೆ ಹರಾಜಿನ ದಿಕ್ಕಿಗೆ ತಲೆ ಹಾಕಿ ಮಲಗುತ್ತಿರಲಿಲ್ಲ. ಭಾವ ಗುರುವಾದರು! ಮೊದಲ ಸಲ ಹರಾಜಿಗೆ ಹೊರಟವರನ್ನೆಲ್ಲ ತಡೆದು ನಿಲ್ಲಿಸಿ ಪಾಠ ಹೇಳುತ್ತಿದ್ದರು. "ಹಿಂದಿನ ದಿನವೇ ಹೋಗಿ ಸಾಮಾನು ಮುಟ್ಟಿ ನೋಡಪ್ಪಾ. ಷರತ್ತು ಪೂರ್ತಿ ಓದು. ಎಷ್ಟರವರೆಗೆ ಹೋಗ್ಬೇಕು ಅಂತ ಮನೇಲೇ ತೀರ್ಮಾನ ಮಾಡ್ಕೋ, ಅದನ್ನ ಯಾರಿಗೂ ಹೇಳ್ಬೇಡ. ಕೈ ಎರಡೂ ಕಂಕುಳಲ್ಲಿ ಇರಲಿ."

ಪ್ರತಿಯೊಂದು ಪಾಠದ ಹಿಂದೆಯೂ ಒಂದು ಪೆಟ್ಟು. ಮೆಟ್ಟುಪಾಳ್ಯದಲ್ಲಿ ಷರತ್ತು ಓದದೆ ಒಂದು ಮರದ ಬೀರು ಕೊಂಡರು. ಸಂಜೆಯೊಳಗೆ ಕೊಂಡವರೇ ಸಾಗಿಸಬೇಕಂತೆ. ಬೀರು ಇದ್ದದ್ದು ಮಹಡಿಯ ಮೇಲೆ. ಅದನ್ನು ಒಳಗಿಟ್ಟ ಮೇಲೆ ಬಾಗಿಲು ಕಟ್ಟಿದ್ದರೋ ಏನೋ, ಯಾವ ಕಡೆ ತಿರುಗಿಸಿದರೂ ಆಚೆ ಬರಲೊಲ್ಲದು! ಕೊನೆಗೆ ಭಾವ ಅದರ ಬೀಗದ ಕೈ ಒಂದನ್ನೇ ಮನೆಗೆ ತಂದು ಮೊಳೆಗೆ ತೂಗುಹಾಕಿದರು. "ಬೀರು ನಮ್ಮದೇ ಮಚ್ಚಾ. ಸದ್ಯಕ್ಕೆ ಅಲ್ಲಿದೆ, ಅಷ್ಟೇ."

ಅವರ ಗುಟ್ಟಿನ ಆಯುಧ ಕನ್ನಡ. ಸುತ್ತ ಎಲ್ಲರೂ ತಮಿಳು, ನಾವು ಮನೆಮಾತಿನಲ್ಲಿ ಏನು ಬೇಕಾದರೂ ಆಡಿಕೊಳ್ಳಬಹುದು ಎಂಬ ಧೈರ್ಯ. ಒಮ್ಮೆ ಅಮ್ಮನ ಗುಡಿಯಲ್ಲಿ ದೇವಿಗೆ ಬಂದ ಸೀರೆಗಳ ಹರಾಜು. ಭಾವ ಗಟ್ಟಿಯಾಗಿ, "ಆ ಬೋಳುತಲೆ ಏರಿಸ್ಲಿ ಬಿಡು ಮಚ್ಚಾ, ಬುದ್ಧಿ ಕಮ್ಮಿ. ಸೀರೆ ಅಂಚು ಹರಿದಿದೆ" ಅಂದರು. ಬೋಳುತಲೆ ಮೆಲ್ಲಗೆ ತಿರುಗಿತು. "ಹರಿದಿರೋದು ನಾನೂ ನೋಡ್ದೆ ಅಣ್ಣಾ. ಬುದ್ಧಿ ಅಷ್ಟೇನೂ ಕಮ್ಮಿ ಇಲ್ಲ." ನಮ್ಮ ಸೀಮೆಯಲ್ಲಿ ಕನ್ನಡದ ಮನೆಗಳು ಎಷ್ಟಿವೆ ಅನ್ನುವುದು ಭಾವನಿಗೆ ಅವಮಾನವಾದಾಗ ಮಾತ್ರ ನೆನಪಾಗುತ್ತಿತ್ತು!

ಇನ್ನು ನನ್ನ ಪಾಲಿನ ಕಥೆ. ಭಾವ ನಿವೃತ್ತರಾದ ಕೆಲವು ವರ್ಷಕ್ಕೆ ಅವರು ದುಡಿದಿದ್ದ ಮಿಲ್ಲು ಮುಚ್ಚಿತು. ಅಳಿದುಳಿದ ಕಬ್ಬಿಣ ಹರಾಜಿಗೆ ಬಂತು, ಜೊತೆಗೆ ಸಂಗೂ ಬಂತು. ಸಂಗು ಅಂದರೆ ಗಂಟೆಗೆ ಸರಿಯಾಗಿ ಊರಿಗೆಲ್ಲ ಕೇಳುವಂತೆ ಕೂಗುವ ಮಿಲ್ಲಿನ ಸೈರನ್ನು. ಭಾವ ಅದು ಬೇಕೇ ಬೇಕು ಅಂದರು.

"ಯಾಕೆ ಬಾವಾ?"

"ಬೇಕು."

"ಎಲ್ಲಿ ಇಡ್ತೀರಿ?"

"ಮಾಳಿಗೆ ಮೇಲೆ."

"ಬೀದಿಯವರು ಹೊಡೀತಾರೆ!"

"ಹೊಡೀಲಿ. ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಒಂದು ಗಂಟೆಗೆ ಕೂಗಿಸ್ತೀನಿ."

ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಇನ್ನೊಂದು ಚೂರು ಕಬ್ಬಿಣ ಈ ಮನೆಗೆ ಬಂದ್ರೆ ನಾನು ನಿಮ್ಮನೆಗೆ ಬಂದ್ಬಿಡ್ತೀನಿ, ನೋಡ್ಕೋ!" ಏನು ಮಾಡಲಿ ಎಂದು ಕೇಳಿದೆ. ಉತ್ತರ ಕೊಡದೆ ಬೆನ್ನು ತಿರುಗಿಸಿ ಹೋದಳು. ಈಚೆಗೆ ಹಾಗೇ ಮಾಡುತ್ತಿದ್ದಳು. ಸೊಕ್ಕು ಅಂದುಕೊಂಡೆ.

ಹರಾಜಿನ ದಿನ ಭಾವ ಕೈಗಳನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡು ನಿಂತರು. ಯಾರಿಗೂ ಹೇಳಬಾರದ ಮಾತನ್ನು ನನ್ನ ಕಿವಿಯಲ್ಲಿ ಹೇಳಿದರು: "ಎಂಟು ಸಾವಿರ, ಮಚ್ಚಾ. ಅದರ ಮೇಲೆ ನನ್ನ ಹತ್ರ ಇಲ್ಲ." ನಮ್ಮ ಹಿಂದೆ ಕಿಣತ್ತುಕಡವಿನ ಗುಜರಿ ವ್ಯಾಪಾರಿ ನಿಂತಿದ್ದ, ನನಗೆ ಗುರುತಿನವನು. ನಾನು ಕೈಗಳನ್ನು ಬೆನ್ನ ಹಿಂದೆ ಒಯ್ದು ಎಂಟು ಬೆರಳು ಬಿಡಿಸಿ ತೋರಿಸಿದೆ. ಅಕ್ಕನಿಗೆ ಉಪಕಾರ ಮಾಡೋಣವೆಂದು. ಸುಳ್ಳೇಕೆ ಹೇಳಲಿ, ಗುರುಗಳು ಸೋಲುವುದನ್ನು ಒಂದು ಸಲ ನೋಡೋಣವೆಂದೂ!

ಭಾವ ಎಂಟು ಅಂದರು. ವ್ಯಾಪಾರಿ ಎಂಟೂವರೆ ಅಂದ. ಒರು ತರಂ. ಭಾವನ ಬಲಗೈ ಕಂಕುಳಿಂದ ಹೊರಗೆ ಬಂತು. ರೆಂಡು ತರಂ. ಮೆಲ್ಲಗೆ ಒಳಗೆ ಹೋಯಿತು.

"ಇವನಿಗೂ ಕನ್ನಡ ಬರ್ತದೆ ಮಚ್ಚಾ!" ಎಂದು ಭಾವ ಹಣೆ ಚಚ್ಚಿಕೊಂಡರು. "ನಂದೇ ತಪ್ಪು. ನನ್ನ ಬಾಯಿ ದೊಡ್ಡದು."

ಆ ವ್ಯಾಪಾರಿಗೆ ಕನ್ನಡದ ಒಂದಕ್ಷರ ಬಾರದು. "ಹೌದು ಬಾವಾ, ಸ್ವಲ್ಪ ಮೆಲ್ಲಗೆ ಹೇಳ್ಬೇಕಿತ್ತು" ಅಂದೆ. ಅಂದುಬಿಟ್ಟೆ!

ವಾಪಸ್ ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು: "ನಿಮ್ಮಕ್ಕನಿಗೆ ಎರಡು ವರ್ಷದಿಂದ ಕಿವಿ ಕೇಳಿಸ್ತಿಲ್ಲ. ಯಾರಿಗೂ ಹೇಳ್ಬೇಡಿ ಅಂತ ಆಣೆ ಇಡಿಸ್ಕೊಂಡಿದ್ಲು. ಮಿಲ್ಲಿನ ಸಂಗು ಒಂದು ಕೇಳಿಸೋದು. ಅದು ಕೂಗಿದ್ರೆ ಸಾಕು, ಮುಖ ಅರಳ್ಸಿ 'ಒಂದು ಗಂಟೆ ಆಯ್ತು, ಊಟಕ್ಕೆ ಬನ್ನಿ' ಅನ್ನೋಳು. ಮಿಲ್ಲು ನಿಂತ ಮೇಲೆ ಅದೂ ಇಲ್ಲ."

ನನ್ನ ಒಡಹುಟ್ಟಿದವಳು. ನಾನು ಸೊಕ್ಕು ಅಂದುಕೊಂಡಿದ್ದೆ.

ಈಗ ಭಾವ ದಿನಾ ಮಧ್ಯಾಹ್ನ ಒಂದು ಗಂಟೆಗೆ ಅಡುಗೆಮನೆಯ ಕಿಟಕಿಯ ಹೊರಗೆ ನಿಂತು, ಬಾಯಿಗೆ ಎರಡೂ ಕೈ ಹಿಡಿದು ಮಿಲ್ಲಿನ ಹಾಗೆ ಕೂಗುತ್ತಾರೆ. ಎಂಬತ್ತರ ಮನುಷ್ಯ! ಬೀದಿ ನಾಯಿಗಳೆಲ್ಲ ದನಿಗೂಡಿಸುತ್ತವೆ. ಅಕ್ಕನಿಗೆ ಸದ್ದು ಕೇಳಿಸುವುದಿಲ್ಲ. ಉಬ್ಬಿದ ಕೆನ್ನೆ ಕಾಣಿಸುತ್ತದೆ. ನಗುತ್ತಾ ತಟ್ಟೆ ಇಡುತ್ತಾಳೆ.

ಹೋದ ವಾರ ನಾನು ಅಲ್ಲಿದ್ದಾಗ ಭಾವನಿಗೆ ಗಂಟಲು ಕಟ್ಟಿತ್ತು. "ಇವತ್ತು ನೀನು ಕೂಗು ಮಚ್ಚಾ" ಅಂದರು. ಕಿಟಕಿಯ ಮುಂದೆ ನಿಂತೆ. ಮೊದಲು ಅವರ ಕಡೆ ತಿರುಗಿ ತಪ್ಪಾಯಿತು ಅನ್ನಲು ಬಾಯಿ ತೆರೆದೆ. ತೆರೆದ ಬಾಯನ್ನು ಹಾಗೇ ಕಿಟಕಿಯ ಕಡೆ ತಿರುಗಿಸಿ ಕೂಗಿದೆ. ಒಳಗೆ ಅಕ್ಕ ನನ್ನ ಮುಖ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಭಾವ ನನ್ನ ಬೆನ್ನ ಮೇಲೆ ಕೈ ಇಟ್ಟರು. "ಸಾಲದು ಮಚ್ಚಾ. ಇನ್ನೂ ಉದ್ದ ಎಳೀಬೇಕು."

ಎಳೆದೆ. ಉಸಿರು ಇರುವಷ್ಟೂ ಎಳೆದೆ.