ನರಿತುಪ್ಪಳದ ಕೋಟು

ಬಿಷ್ಕೆಕ್ ನಗರದ ಉಣ್ಣೆ ತಿನ್ನುವ ನುಸಿ ಅಂದರೆ ಸಾಮಾನ್ಯವಲ್ಲ. ಬಿಟ್ಟರೆ ಒಂದೇ ರಾತ್ರಿಗೆ ಕುರಿಮಂದೆಯನ್ನೇ ಬೋಳಿಸಿಬಿಡುತ್ತದೆ. ಹಾಗಾಗಿ ಟ್ರಾಲಿಬಸ್ ಚಾಲಕ ಸಗಿನ್‌ಬಾಯ್ ಪ್ರತಿ ಬೇಸಿಗೆಗೂ ಹೆಂಡತಿಯ ನರಿತುಪ್ಪಳದ ಕೋಟನ್ನು ಗಿರವಿ ಅಂಗಡಿಯಲ್ಲಿ ಇಡುತ್ತಿದ್ದ. ಸಾಲದ ಆಸೆಗಲ್ಲ, ಅಲ್ಲಿನ ಉಗ್ರಾಣಕ್ಕೆ ನುಸಿ ಕಾಲಿಡುವುದಿಲ್ಲವೆಂದು. ಸೋವಿಯತ್ ಕಾಲದಿಂದಲೂ ಊರಿಗೆ ಊರೇ ಮಾಡುತ್ತಿದ್ದುದು ಅದನ್ನೇ.

ಸೋವಿಯತ್ ಹೋಯಿತು. ಸೂಟು ತೊಟ್ಟವನೊಬ್ಬ ಆ ಅಂಗಡಿಗೆ ಬಣ್ಣ ಬಳಿಸಿ, ‘ಹಣಕಾಸು ಕಂಪನಿ’ ಎಂದು ಬೋರ್ಡು ತೂಗಿಸಿ, ಠೇವಣಿಯನ್ನೂ ಎತ್ತತೊಡಗಿದ. ಬಡ್ಡಿ ಎಷ್ಟೆಂದರೆ, ಕುದುರೆ ಇಟ್ಟವನಿಗೆ ವರ್ಷದೊಳಗೆ ಲಾಯವೇ ಸಿಗಬೇಕು!

"ಸಂಜೆ ಚಿಕ್ಕಪ್ಪನ ಮಗಳ ಮದುವೆ. ಕೋಟು ತರದೇ ಇದ್ರೆ ಮನೆಗೇ ಬರಬೇಡಿ," ಚಳಿ ಶುರುವಾದ ಒಂದು ಬೆಳಿಗ್ಗೆ ಅಂದಳು ಹೆಂಡತಿ ಬುರುಲ್‌ಕಾನ್.

ಕಂಪನಿಯ ಮುಂದೆ ಅರ್ಧ ಊರು ಸಾಲುಗಟ್ಟಿತ್ತು. ಸಾಲು ಕಂಡರೆ ಮೊದಲು ನಿಲ್ಲುವುದು, ಯಾಕೆಂದು ಆಮೇಲೆ ಕೇಳುವುದು ಅಲ್ಲಿಯ ಧರ್ಮ. ನಿಂತ ಮೇಲೆ ಸಗಿನ್‌ಬಾಯ್ ಕೇಳಿದ: "ಏನ್ ಕೊಡ್ತಿದಾರೆ?"

"ಮಣ್ಣು! ಮಾಲೀಕ ಓಡಿಹೋದ," ಎಂದಳು ಪಕ್ಕದ ಮನೆಯ ಕನಿಕೈ. "ನಿಂದೆಷ್ಟು ಹೋಯ್ತು ತಮ್ಮಾ?"

"ನಂದು ಒಂದು ಸೋಮ್ ದುಡ್ಡು ಕೂಡ ಇಲ್ಲಕ್ಕ. ನಾನು ಕೋಟು..."

"ಕೇಳಿದ್ರಾ? ಇವನ ದುಡ್ಡೇ ಇಲ್ವಂತೆ! ಪಕ್ಷಪಾತ ಎಲ್ಲಿಂದ ಬರ್ಬೇಕು? ಇವನೇ ಅಧ್ಯಕ್ಷ!"

ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ಠೇವಣಿದಾರರ ಸಂಘದ ಅಧ್ಯಕ್ಷ. ಇನ್ನೊಮ್ಮೆ ಮಿಟುಕಿಸುವಷ್ಟರಲ್ಲಿ ಜನ ಬೀಗ ಒಡೆದು ಅವನನ್ನು ಉಗ್ರಾಣದೊಳಕ್ಕೆ ತಳ್ಳಿದ್ದರು. ತಿಜೋರಿ ಬೋಳು, ಕೋಟುಗಳು ಮಾತ್ರ ಸೂರು ಮುಟ್ಟುತ್ತಿದ್ದವು.

"ಠೇವಣಿ ಪುಸ್ತಕ ಕೊಟ್ಟವರಿಗೆ ಒಂದು ಕೋಟು, ಲೆಕ್ಕ ಚುಕ್ತಾ!" ಜನವೇ ತೀರ್ಪು ಕೊಟ್ಟಿತು.

"ಕೋಟು ಇಟ್ಟವರ ಗತಿ?" ಕೇಳಿದ ಅಧ್ಯಕ್ಷ.

"ಅವ್ರು ಬೇರೆ ಸಂಘ ಕಟ್ಕೊಳ್ಲಿ!"

ಉಗ್ರಾಣದ ಕಿಂಡಿಯಲ್ಲಿ ಹೊರಗಿನವರ ಕೈಗಳಷ್ಟೇ ಕಾಣುತ್ತಿದ್ದವು. ಸಗಿನ್‌ಬಾಯ್ ಪುಸ್ತಕ ಬಂದಂತೆ ಹರಿದ, ಕೋಟು ಕೊಟ್ಟ. ಹೆಂಡತಿಯ ಕೋಟು ಸಿಕ್ಕಿದ್ದೇ ಬೆನ್ನ ಹಿಂದೆ ಸರಿಸಿದ.

"ಅಯ್ಯೋ, ಅಧ್ಯಕ್ಷ ಒಳ್ಳೇದನ್ನ ಬಚ್ಚಿಡ್ತಿದಾನೆ!" ಇಣುಕಿದ ಕನಿಕೈ ಚೀರಿದ್ದಕ್ಕೆ ಬೆಟ್ಟದ ಹಿಮವೇ ಜಾರಿತು. ಬೆದರಿದ ಸಗಿನ್‌ಬಾಯ್ ಕೋಟನ್ನು ಕಿಂಡಿಗೆ ಹಿಡಿದ. ಯಾವುದೋ ಕೈ ಪುಸ್ತಕ ಎಸೆದು ಅದನ್ನು ಸೆಳೆದುಕೊಂಡಿತು. ಆ ಪುಸ್ತಕವನ್ನೂ ಹರಿದ.

ಸಂಜೆ ಬರಿಗೈಯಲ್ಲಿ ಮನೆಗೆ ಬಂದರೆ, ಬುರುಲ್‌ಕಾನ್ ಅದೇ ಕೋಟು ತೊಟ್ಟು ಅಳುತ್ತಿದ್ದಾಳೆ!

"ರೀ, ಅಪ್ಪ ಕೊಟ್ಟ ಎರಡು ಕುದುರೆ ಮಾರಿದ ದುಡ್ಡನ್ನೆಲ್ಲ ನಿಮಗೆ ಹೇಳ್ದೆ ಅಲ್ಲಿ ಇಟ್ಟಿದ್ದೆ. ಇವತ್ತು ನೋಡಿದ್ರೆ ಕಿಂಡೀಲಿ ನನ್ನ ಕೋಟೇ ಬರ್ತಿದೆ! ಬಿಟ್ರೆ ಬೇರೆಯವರ ಪಾಲು ಅಂತ ಪುಸ್ತಕ ಎಸೆದು ಕಿತ್ಕೊಂಡೆ. ನನ್ನ ಕೋಟನ್ನ ನನಗೇ ಎರಡು ಕುದುರೆಗೆ ಮಾರಿಬಿಟ್ನಲ್ಲ ಆ ಅಧ್ಯಕ್ಷ!"

ಕೋಟು ಬಂತೆಂದು ನಗಬೇಕೋ ಕುದುರೆ ಹೋಯಿತೆಂದು ಅಳಬೇಕೋ ತಿಳಿಯದೆ ಸಗಿನ್‌ಬಾಯ್ ಕಂಬವಾದ.

"ಕನಿಕೈ ಅಕ್ಕನಿಗೆ ಅವನ ಮನೆ ಗೊತ್ತಂತೆ. ಹೆಸರು ಕೇಳಿದ್ರೆ ಬರೀ ನಗ್ತಾಳೆ, ಮನೇನೇ ತೋರಿಸ್ತೀನಿ ಅಂತ ಬರ್ತಿದಾಳೆ. ನೀವು ಅವನ ಎರಡೂ ಕೈ ಹಿಡ್ಕೊಳ್ಳಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಬಾಗಿಲು ಬಡಿದ ಸದ್ದಾಯಿತು. ಸಗಿನ್‌ಬಾಯ್ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ತಾನೇ ಹಿಡಿದುಕೊಂಡ.