ಮಾಸ್ತರರ ಕೆಮ್ಮು, ಮಹಾರಾಜನ ಹಾಡು

ನನಗೆ ಹಾಡಲು ಬರುತ್ತದೆ ಎಂಬ ಖಾತ್ರಿ ಇಡೀ ಬೆಟಗೇರಿಯಲ್ಲಿ ಒಬ್ಬನಿಗೆ ಮಾತ್ರ ಇತ್ತು. ಆ ಒಬ್ಬ ನಾನೇ!

ಉಳಿದವರ ಪಾಲಿಗೆ ನಾನು ‘ನಕಲಿ ನಾಗ್ಯಾ’. ನಮ್ಮ ಕಡೆ ನಕಲಿ ಅಂದರೆ ಚೇಷ್ಟೆ ಅಂತಲೂ ಹೌದು, ಖೊಟ್ಟಿ ಅಂತಲೂ ಹೌದು. ನನ್ನ ವಿಷಯದಲ್ಲಿ ಜನ ಎರಡನ್ನೂ ಕೂಡಿಸಿಯೇ ಹೇಳುತ್ತಿದ್ದರು. ಬಸ್ ಕಂಡಕ್ಟರು, ರೇಡಿಯೋದಲ್ಲಿ ವಾರ್ತೆ ಓದುವವರು, ಎದುರು ಮನೆಯ ಎಮ್ಮೆ, ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಎಮ್ಮೆ ಒಮ್ಮೆ ಓಗೊಟ್ಟದ್ದೂ ಉಂಟು.

“ಊರ ಮಂದಿ ದನಿ ಎಲ್ಲಾ ತಗೀತಿ. ನಿಂದು ಅನ್ನೋದೊಂದು ದನಿ ಐತೋ ಇಲ್ಲೋ?” ಎಂದು ನಮ್ಮ ಶಾಂತಕ್ಕ ರೊಟ್ಟಿ ಬಡಿಯುತ್ತ ಕೇಳಿದಳು.

ಆ ಮಾತು ಎದೆಗೆ ನಟ್ಟಿತು. ಎಲ್ಲರೆದುರು ನನ್ನ ಸ್ವಂತ ದನಿಯಲ್ಲಿ ಹಾಡಿಯೇ ತೀರುತ್ತೇನೆಂದು ಹಿಟ್ಟಿನ ಡಬ್ಬಿ ಮುಟ್ಟಿ ಶಪಥ ಮಾಡಿದೆ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಅವಕಾಶ ಬಂತು. ನಮ್ಮ ಓಣಿಯ ಹವ್ಯಾಸಿ ನಾಟ್ಯ ಸಂಘದಲ್ಲಿ ಮಗ್ಗ ನೇಯುವವರು ಎಂಟು ಮಂದಿ, ಪೋಸ್ಟ್‌ಮನ್ ಒಬ್ಬ, ಟೇಲರ್ ಒಬ್ಬ. ಈ ಮಹಾಜನರು ‘ವಿರಹಿ ವಿಕ್ರಮಸೇನ’ ಎಂಬ ಸಂಗೀತ ನಾಟಕ ಆಡುವುದೆಂದು ಠರಾವು ಪಾಸು ಮಾಡಿದರು. ಇಪ್ಪತ್ತೆರಡು ಹಾಡು! ಅದರಲ್ಲಿ ಹದಿನಾಲ್ಕು ಮಹಾರಾಜನವೇ. ಅವುಗಳ ಧಾಟಿ ಗೊತ್ತಿದ್ದದ್ದು ಇಮಾಮಸಾಬ ಮಾಸ್ತರರೊಬ್ಬರಿಗೆ. ಎಂದೋ ಮುಚ್ಚಿಹೋದ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದವರು. ಈಗ ಬಾಯಲ್ಲಿ ಹಲ್ಲು ಕಡಿಮೆ, ಎದೆಯಲ್ಲಿ ಕೆಮ್ಮು ಜಾಸ್ತಿ.

ಮಹಾರಾಜ ಯಾರಾಗುತ್ತಾರೆ ಎಂದಾಗ ನಾನೊಬ್ಬನೇ ಎದ್ದು ನಿಂತೆ.

“ಲೇ, ಇದು ನಕಲಿ ಪಾತ್ರ ಅಲ್ಲಪಾ,” ಎಂದ ಟೇಲರ್ ಈರಣ್ಣ. ಮಹಾರಾಣಿಯ ಪಾತ್ರ ಅವನದು. ಅದಕ್ಕಾಗಿ ಮೀಸೆ ತೆಗೆದು ಹುತಾತ್ಮನಾಗಿದ್ದ.

“ಹಾಡ್ಲಿ ತಡೀರಿ,” ಎಂದು ಮಾಸ್ತರರು ತಾವೇ ಒಂದು ಸಾಲು ಹಾಡಿ ತೋರಿಸಿದರು.

ನಾನು ಹಾಡಿದೆ. ಹಾಡಿದೆ ಅಂದರೇನು, ಮಾಸ್ತರರನ್ನೇ ಗಂಟಲಲ್ಲಿ ಕೂಡಿಸಿಕೊಂಡೆ! ಅದೇ ಎಳೆತ, ಅದೇ ನಡುಕ. ಮುದುಕರ ಕಣ್ಣು ಒದ್ದೆಯಾದವು.

“ಯಾ ಅಲ್ಲಾ! ನಾ ಹರೇದಾಗ ಹಿಂಗ ಹಾಡ್ತಿದ್ದೆ!”

ಸ್ವಂತ ದನಿ ತೋರಿಸಲು ಹೋದವನು ಇನ್ನೊಬ್ಬರದನ್ನು ತೆಗೆದಿದ್ದೆ. ಇರಲಿ, ಮೊದಲು ಪಾತ್ರ, ಆಮೇಲೆ ದನಿ ಅಂದುಕೊಂಡೆ. ಹೀಗೆ ಅನಾಹುತದ ಶಂಕುಸ್ಥಾಪನೆ ವಿಧ್ಯುಕ್ತವಾಗಿ ನೆರವೇರಿತು.

ಮೂರು ತಿಂಗಳು ಹತ್ತಿ ಗೋದಾಮಿನಲ್ಲಿ ತಾಲೀಮು. ಮಾಸ್ತರರು ಹಾಡುವರು, ಅವರ ಜೊತೆಜೊತೆಗೇ ನಾನು. ದನಿ ಮೇಲಿನ ಷಡ್ಜಕ್ಕೆ ಏರಿದಾಗೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. “ಖಹ್! ಖಹ್ ಖಹ್!” ಹತ್ತಿಯ ಧೂಳು, ಪಾಪ, ಎಂದು ಎಲ್ಲರೂ ಸುಮ್ಮನಿರುತ್ತಿದ್ದರು. ಕೆಮ್ಮುತ್ತಿರುವವರು ಇಬ್ಬರು ಎಂದು ಯಾರಿಗೂ ತಿಳಿಯಲಿಲ್ಲ. ನನಗೂ!

ಕರೆಂಟಿನ ಭರವಸೆ ಇಲ್ಲದ್ದರಿಂದ ನಾಟಕವನ್ನು ಮಧ್ಯಾಹ್ನ ಮೂರಕ್ಕೇ ಇಟ್ಟರು. ಡೋಣಿ, ಅಂತೂರ ಬೆಂತೂರದಂಥ ಹಳ್ಳಿಗಳಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬಂದರು. ಶಾಂತಕ್ಕ ಮುಂದಿನ ಜಮಖಾನದಲ್ಲೇ ಕೂತಿದ್ದಳು.

ಪರದೆ ಎದ್ದಿತು. ಮಾಸ್ತರರು ಈಗ ಬರೀ ಬಾರಿಸುವವರು, ಹಾಡುವವನು ನಾನು. ದನಿ ಏರಿತು, ಏರಿತು, ಷಡ್ಜ ಮುಟ್ಟಿತು.

“ಖಹ್! ಖಹ್ ಖಹ್!”

ಮಾಸ್ತರರು ಗಾಬರಿಯಾಗಿ ತಮ್ಮ ಬಾಯಿ ತಾವೇ ಮುಚ್ಚಿಕೊಂಡರು. ಜನರಿಂದ ಒಂದೇ ಕೂಗು, “ವನ್ಸ್ ಮೋರ್!”

ವನ್ಸ್ ಮೋರ್ ಬಿದ್ದ ಮೇಲೆ ಹಾಡದೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ಈ ಸಲ ಕೆಮ್ಮಬಾರದೆಂದು ಹಲ್ಲು ಕಚ್ಚಿ ನಿರ್ಧರಿಸಿ ಮತ್ತೆ ಹಾಡಿದೆ. ಅದೇ ಷಡ್ಜ, ಅದೇ ಜಾಗ, ಅದೇ ಮೂರು ಕೆಮ್ಮು. ಲೆಕ್ಕದಲ್ಲಿ ಒಂದೂ ಕಡಿಮೆ ಇಲ್ಲ!

ಎರಡನೆಯ ಹಾಡು ಮಹಾರಾಣಿಯ ಕೈ ಹಿಡಿದು. “ಬಾರೆ ಪ್ರಿಯೆ, ಬೆಳದಿಂಗಳು ಬಳಲಿದೆ...” ಎಂದು ಎಳೆದೆ. ಮುಂದಿನ ಸಾಲು ತಾನಾಗಿಯೇ ಬಂತು, “ಲೇ ಬಸ್ಯಾ, ಲಯ ಎಲ್ಲಿ ಹೋತೋ? ಮನ್ಯಾಗ ಬಿಟ್ಟು ಬಂದೀಯೇನು?”

ತಾಲೀಮಿನಲ್ಲಿ ಮಾಸ್ತರರು ದಿನಾ ಇದೇ ಜಾಗದಲ್ಲಿ ತಬಲಾ ಬಾರಿಸುವ ಬಸ್ಯಾನನ್ನು ಬೈಯುತ್ತಿದ್ದರು. ಅದೂ ನನಗೆ ಬಾಯಿಪಾಠವಾಗಿತ್ತು!

ರೂಢಿಯಂತೆ ಬಸ್ಯಾ ಥಟ್ಟನೆ ತಬಲಾ ನಿಲ್ಲಿಸಿ ಮಾಸ್ತರರ ಕಡೆ ತಿರುಗಿದ. “ಇಲ್ರೀ ಮಾಸ್ತರ, ಬರೋಬ್ಬರಿ ಬಾರಸಾಕತ್ತೀನಲ್ರೀ!”

“ನಾ ಎಲ್ಲಿ ಏನಂದೆನೋ?” ಎಂದರು ಮಾಸ್ತರರು.

“ಲೇ ನಾಗ್ಯಾ,” ಎಂದು ಮಹಾರಾಣಿ ಸೆರಗಿನ ಮರೆಯಲ್ಲಿ ಹಲ್ಲು ಕಡಿದಳು, “ಇದೆಲ್ಲಿ ಬರದೈತಿ?”

ಇಷ್ಟಾದರೂ ನಾನು ರಂಗ ಬಿಡಲಿಲ್ಲ. ಕೆಮ್ಮು ನುಂಗಿ ನೋಡಿದೆ, ಬಿಕ್ಕಳಿಕೆಯಾಗಿ ಬಂತು. ಷಡ್ಜ ಬಿಟ್ಟು ಕೆಳಗೇ ಹಾಡಿದೆ, ಕೆಮ್ಮೂ ಕೆಳಗಿಳಿದು ಬಂತು! ಹದಿಮೂರು ಹಾಡು ಮುಗಿಯುವ ಹೊತ್ತಿಗೆ ಜನ ನನಗಿಂತ ಮೊದಲೇ ಒಟ್ಟಾಗಿ ಕೆಮ್ಮತೊಡಗಿದ್ದರು.

ಕೊನೆಯ ಪ್ರವೇಶಕ್ಕೆ ಮುಂಚೆ ಮಾಸ್ತರರು ಬಣ್ಣದ ಕೋಣೆಗೆ ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಕಿರೀಟ ಸರಿಮಾಡಿದರು.

“ನಾಗಪ್ಪಾ, ನನ್ನ ದನಿ ನನಗಿರ್ಲಿ ಬಿಡು. ಇನ್ನೊಂದ ಹಾಡು ಉಳದೈತಿ. ಅದನ್ನ ನಿನ್ನ ದನೀಲೆ ಹಾಡು. ಹೆಂಗರ ಇರ್ಲಿ.”

ರಂಗಕ್ಕೆ ಬಂದೆ. ಮಹಾರಾಣಿ ಸತ್ತು ಮಲಗಿದ್ದಳು. ನಾನು ಪಕ್ಕದಲ್ಲಿ ಮಂಡಿಯೂರಿದೆ. ಯಾರನ್ನೂ ನೆನೆಯಲಿಲ್ಲ, ಯಾರನ್ನೂ ಗಂಟಲಿಗೆ ಕರೆಯಲಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆದೆ. ಏನೋ ಒಂದು ಹೊರಗೆ ಬಂತು. ತೆಳ್ಳಗಿತ್ತು, ಸೊಟ್ಟಗಿತ್ತು, ಆದರೆ ನನ್ನದಾಗಿತ್ತು! ಕೆಮ್ಮು ಬರಲಿಲ್ಲ!

ಸಭೆಯಲ್ಲೂ ಯಾರೂ ಕೆಮ್ಮಲಿಲ್ಲ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೇಳಿದ, “ಇದು ಯಾರ ದನಿಪಾ? ಗೊತ್ತಾಗವಲ್ತು!”

“ಪೋಸ್ಟ್‌ಮಾಸ್ತರಂದು!”

“ಏ ಅಲ್ಲೋ, ನೆಗಡಿ ಬಂದ ಗೌಡರದು!”

“ಎಣ್ಣಿ ಇಲ್ಲದ ಹೊಲಿಗಿ ಮಷೀನ,” ಎಂದಳು ಸತ್ತ ಮಹಾರಾಣಿ, ಕಣ್ಣು ತೆರೆಯದೆ.

ಪರದೆ ಬಿತ್ತು. ಬಣ್ಣ ಒರೆಸಿಕೊಂಡು ಹೊರಗೆ ಬಂದಾಗ ಶಾಂತಕ್ಕ ಕಾದು ನಿಂತಿದ್ದಳು.

“ಹದಿಮೂರು ಹಾಡು ಥೇಟ್ ಮಾಸ್ತರಂಗ ಆದುವು ನೋಡೋ, ಕೆಮ್ಮು ಸೈತ! ಕಡೀದೊಂದು ಯಾರದಂತ ತಿಳೀಲಿಲ್ಲ.”

“ಅಕ್ಕಾ, ಅದು ನಂದು,” ಎಂದೆ. “ನನ್ನ ಸ್ವಂತ ದನಿ.”

ಅಕ್ಕ ಗಲ್ಲಕ್ಕೆ ಕೈ ಹಚ್ಚಿ ನನ್ನ ಮುಖ ನೋಡಿದಳು. ಆಮೇಲೆ ಬೆನ್ನು ಸವರಿದಳು.

“ಇರ್ಲಿ ಬಿಡೋ, ಬ್ಯಾಸರ ಮಾಡ್ಕೋಬ್ಯಾಡ. ಇನ್ನೊಂದೀಟು ರೂಢಿ ಮಾಡು. ಅಷ್ಟ ನಿನ್ನಂಗ ಬರಲಿಲ್ಲ!”