ಇಬ್ಬರಿಗೊಂದು ಮಂಕರಿ

ನಗಬಾರದ ಜಾಗದಲ್ಲೇ ನಗು ಬರುವಂಥದ್ದು ನಡೆಯುವುದು ನನ್ನ ಹಣೆಬರಹ. ಎರಡನೇ ಮಹಾಯುದ್ಧದ ಕಾಲದಲ್ಲಿ ಪುರಸಭೆಯ ಹಾಜರಿ ಗುಮಾಸ್ತನಾಗಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ರಸ್ತೆ ಧೂಳು ಕುಡಿದವನು ನಾನು. ಇದು ಯಾವ ಊರಿನದು ಅಂತ ಮಾತ್ರ ಕೇಳಬೇಡಿ. ಆಗಿನ ಸದಸ್ಯರ ಮೊಮ್ಮಕ್ಕಳು ಈಗಲೂ ದಾರಿಯಲ್ಲಿ ಸಿಕ್ಕರೆ ಕಾಫಿ ಕೊಡಿಸುತ್ತಾರೆ. ಅದನ್ನು ಯಾಕೆ ಕಳೆದುಕೊಳ್ಳಲಿ?

ಎತ್ತಿದ ಕೈ

ಆಗ ರಸ್ತೆ ಕೆಲಸದಲ್ಲಿ ಗಂಡಸರು ಮಣ್ಣು ಅಗೆಯೋರು, ಹೆಂಗಸರು ಮಂಕರಿ ಅನ್ನೋ ಬಿದಿರು ಬುಟ್ಟಿಯಲ್ಲಿ ಹೊರೋರು. ಸಂಜೆ ಗಂಡಾಳಿಗೆ ಪೂರ್ತಿ ಕೂಲಿ, ಹೆಣ್ಣಾಳಿಗೆ ಅರ್ಧ. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಹೊಸದಾಗಿ ಬಂದ ನಮ್ಮ ಅಧ್ಯಕ್ಷರು ಕೇಳಿಬಿಟ್ಟರು. ಮೈಸೂರಿನಲ್ಲಿ ಓದಿಬಂದ ಮನುಷ್ಯ. ಸಭೆಯಲ್ಲಿ ಎದ್ದು ನಿಂತು, "ಇನ್ನು ಮೇಲೆ ಪುರಸಭೆ ಕೆಲಸದಲ್ಲಿ ಹೆಣ್ಣಾಗಲಿ ಗಂಡಾಗಲಿ, ಆಳಿಗೆ ಒಂದೇ ಕೂಲಿ" ಅಂದರು.

ಸದಸ್ಯರೆಲ್ಲ ಕಬ್ಬು, ಭತ್ತ ಬೆಳೆಯುವ ಜಮೀನುದಾರರು. ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು, "ಇದು ನಮ್ ಗದ್ದೇಲಿ ಕಳೆ ಕೀಳೋರ್ಗೂ ಬತ್ತದಾ ಸ್ವಾಮಿ?" ಅಂದರು.

"ಇಲ್ಲ, ಪುರಸಭೆ ಕೆಲಸಕ್ಕೆ ಮಾತ್ರ."

"ಅಂಗೇಳಿ ಮತ್ತೆ! ನ್ಯಾಯ ಅಂದ್ರೆ ಇದು ಕಣಪ್ಪಾ!" ಅಂತ ಅವರು ಕೈ ಎತ್ತಿದರು. ಮಿಕ್ಕವರೂ ಎತ್ತಿದರು. ಒಬ್ಬರಂತೂ ಖುಷಿಗೆ ಎರಡೂ ಕೈ ಎತ್ತಿಬಿಟ್ಟರು.

ರುಮಾಲಿನ ಮರ್ಯಾದೆ

ರಸ್ತೆ ಗುತ್ತಿಗೆ ಹಿಡಿದಿದ್ದವರು ಮಳವಳ್ಳಿ ಕಡೆಯ ಒಬ್ಬ ಕಂಟ್ರಾಕ್ಟರು. ಕೆಲಸದ ಜಾಗದಲ್ಲೇ, ಆಳುಗಳ ಎದುರಿಗೆ, ಠರಾವನ್ನು ಅವರಿಗೆ ಓದಿ ಹೇಳಿದೆ.

"ಅಗೆಯೋದು ಬ್ಯಾರೆ, ಹೊರೋದು ಬ್ಯಾರೆ ಕಣ್ರೀ. ಅಗೆಯೋದು ಕಷ್ಟದ ಕೆಲ್ಸ. ಹೊರೋದೇನ್ ಮಹಾ, ತಲೆ ಮ್ಯಾಲೆ ಮಡಿಕ್ಕಂಡು ನಡೆಯೋದು ತಾನೆ? ಅದಕ್ಕೆ ಅರ್ಧ ಸಾಕು" ಅಂದುಬಿಟ್ಟರು.

ಹೆಣ್ಣಾಳುಗಳಿಗೆಲ್ಲ ಮುಂದಾಳಾಗಿದ್ದವಳು ಸೋಮನಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ಹೆಂಗಸು. ಎಲ್ಲರೂ ದೊಡ್ಡಕ್ಕ ಅನ್ನೋರು. ಗಂಡ ಅದೇ ರಸ್ತೆಯಲ್ಲಿ ಅಗೆಯೋನು. ಹಿಂದಿನ ದಿನವೇ ಅವಳು ನನ್ನ ಹತ್ತಿರ ಬಂದು ಹೇಳಿದ್ದಳು: "ಸ್ವಾಮಿ, ಬರೋ ಸೋಮವಾರದಿಂದ ನನ್ ಮಗಳೂ ಕೆಲ್ಸಕ್ಕೆ ಬತ್ತಾಳೆ. ನಾನಂತೂ ಅರ್ಧ ಆಳಾಗೇ ತಲೆ ನರೆಸ್ಕಂಡೆ. ಅವಳ್ನೂ ಅರ್ಧ ಅಂತ ಬರ್ಸಾಕೆ ನಾ ಬುಡಾಕಿಲ್ಲ."

ಕಂಟ್ರಾಕ್ಟರ ಮಾತು ಕೇಳಿದವಳೇ ಗಂಡನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. "ಅಂಗಾರೆ ಕಷ್ಟದ್ದ ನಾವು ಮಾಡ್ತೀವಿ. ಸುಲಭದ್ದ ಅವರು ಮಾಡ್ಲಿ."

ಗಂಡಸರು ನಗುನಗುತ್ತ ಮಂಕರಿ ಹಿಡಿದರು. ಹೊರೋದಕ್ಕೆ ತಲೆ ಮೇಲೆ ಬಟ್ಟೆಯ ಸಿಂಬೆ ಸುತ್ತಿಕೊಳ್ಳಬೇಕು. ಹೆಂಗಸರು ಹಳೇ ಸೀರೆ ತುಂಡು ಸುತ್ತುತ್ತಾರೆ. ಇವರಿಗೆ ಇದ್ದ ಬಟ್ಟೆ ಅಂದರೆ ರುಮಾಲು. ಹೆಂಡತಿಯರ ಎದುರಿಗೆ ರುಮಾಲು ಬಿಚ್ಚೋದೇ? ಉಂಟೇ? ಮರ್ಯಾದೆಯ ಪ್ರಶ್ನೆ! ರುಮಾಲಿನ ಮೇಲೇ ಮಂಕರಿ ಇಟ್ಟರು. ಒಂದೊಂದು ಮಂಕರಿ ಒಂದೊಂದು ಕಡೆ ವಾಲಿತು. ದೊಡ್ಡಕ್ಕನ ಗಂಡ ರುಮಾಲು, ಮೀಸೆ ಎಲ್ಲ ಮಣ್ಣು ಮಾಡಿಕೊಂಡು, "ಅಮ್ಮೀ, ಇದು ನಿಂತ್ಕಳಾಕಿಲ್ವಲ್ಲಮ್ಮೀ!" ಅಂತ ಕೂಗಿದ.

"ಕೊಡ್ರಲಾ ಇಲ್ಲಿ, ನಾ ತೋರುಸ್ತೀನಿ" ಅಂತ ಕಂಟ್ರಾಕ್ಟರೇ ಬಂದರು. ಮಣ್ಣೆಲ್ಲ ಅವರ ಕೋಟಿನೊಳಗೆ ಹೋಯಿತು. ಕಾಲರು ಕೊಡವಿಕೊಳ್ಳುತ್ತ, "ಆಯ್ತು ಕಣಮ್ಮ, ಹೊರೋದೂ ಕಷ್ಟದ ಕೆಲ್ಸವೇ" ಅಂತ ಒಪ್ಪಿಕೊಂಡರು.

"ಅಂಗಾರೆ ಕೂಲಿ?"

"ಅದು ಬ್ಯಾರೆ ವಿಚಾರ!"

ಕಂಟ್ರಾಕ್ಟರ ಲೆಕ್ಕ

ಅವತ್ತು ಸಂಜೆ ಕೂಲಿ ಕೊಡುವಾಗ ಅವರು ಹೊಸ ಲೆಕ್ಕ ತೆಗೆದರು. "ಠರಾವಲ್ಲಿ ಆಳಿಗೆ ಒಂದೇ ಕೂಲಿ ಅಂತ ತಾನೆ ಇರೋದು? ಕೊಡ್ತೀನಿ ಬುಡಿ. ನಮ್ ಕಡೆ ಅನಾದಿ ಕಾಲದಿಂದ ಇಬ್ರು ಹೆಂಗಸ್ರು ಸೇರಿದ್ರೇನೆ ಒಂದಾಳು."

ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಬುದ್ಧಿಯನ್ನು ರಸ್ತೆ ಮಾಡೋದರಲ್ಲಿ ತೋರಿಸಿದ್ದರೆ ಊರು ಉದ್ಧಾರವಾಗುತ್ತಿತ್ತು! ದೊಡ್ಡಕ್ಕ ಮಾತ್ರ ಶಾಂತವಾಗಿ, "ಸರಿ ಬುಡಿ ಸ್ವಾಮಿ, ನಿಮ್ ಲೆಕ್ಕದಂಗೇ ಆಗ್ಲಿ" ಅಂದು ಹೊರಟುಹೋದಳು.

ಮಾರನೆಯ ದಿನ ಶನಿವಾರ. ರಸ್ತೆ ನೋಡುವುದಕ್ಕೆ ಅಧ್ಯಕ್ಷರು ದೊಡ್ಡ ಸಾಹೇಬರೊಬ್ಬರನ್ನು ಕರೆತರುವವರಿದ್ದರು. ಬೆಳಿಗ್ಗೆ ಹೋಗಿ ನೋಡುತ್ತೇನೆ, ಇಬ್ಬಿಬ್ಬರು ಹೆಂಗಸರು ಸೇರಿ ಒಂದೊಂದು ಮಂಕರಿ ಹಿಡಿದಿದ್ದಾರೆ! ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ದೇವರ ಉತ್ಸವದಂತೆ ನಿಧಾನಕ್ಕೆ ನಡಿಗೆ. ಒಬ್ಬಳು ಸೀನಿದರೆ ಇಬ್ಬರೂ ನಿಲ್ಲೋರು. ಒಬ್ಬಳು ನೀರು ಕುಡಿಯೋಕೆ ಹೋದರೆ ಇನ್ನೊಬ್ಬಳು ಮಂಕರಿ ಇಳಿಸಿ ಕೂತುಬಿಡೋಳು.

"ನೀನ್ಯಾಕಮ್ಮ ಕೂತೆ?" ಅಂತ ಕಂಟ್ರಾಕ್ಟರು ಕಿರುಚಿದರೆ, "ಅವಳಿಲ್ದೆ ನಾನು ಅರ್ಧಾಳು. ಅರ್ಧಾಳು ಎಂಗ್ ಹೊರ್ತದೆ ಸ್ವಾಮಿ?" ಅಂತ ಉತ್ತರ.

ಅಗೆದ ಮಣ್ಣು ಗುಡ್ಡೆಯಾಗಿ ನಿಂತಿತು. ಅಷ್ಟರಲ್ಲಿ, ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಕಾರು ಹೊಗೆ ಬಿಡುತ್ತ ಬಂದೇ ಬಂತು. ಸಾಹೇಬರು ಇಳಿದು, "ಇದೇನ್ರೀ, ಒಂದು ಮಂಕರಿಗೆ ಇಬ್ಬರು?" ಅಂದರು.

"ನಾವಿಬ್ರೂ ಸೇರಿ ಒಂದಾಳು ಸ್ವಾಮಿ. ಕಂಟ್ರಾಕ್ಟರ್ ಸ್ವಾಮೇರೇ ಏಳವ್ರೆ" ಅಂದಳು ದೊಡ್ಡಕ್ಕ.

ಸಾಹೇಬರು ತಿರುಗಿ ನೋಡಿದರು. ಅಧ್ಯಕ್ಷರೂ ನೋಡಿದರು. ಕಂಟ್ರಾಕ್ಟರು ಬೆವತುಹೋಗಿ ಕೂಗಿದರು: "ಅಯ್ಯಯ್ಯೋ! ಯಾರಮ್ಮಾ ಅಂಗಂದೋರು? ಒಬ್ಬೊಬ್ರೂ ಒಂದೊಂದಾಳು ಕಣ್ರಮ್ಮಾ! ಪೂರ್ತಿ ಆಳು! ಒಂದೊಂದು ಮಂಕರಿ ತಗಳ್ರಮ್ಮಾ!"

ದೊಡ್ಡಕ್ಕ ಮಂಕರಿಯಿಂದ ಕೈ ತೆಗೆಯದೆ ನನ್ನ ಕಡೆ ನೋಡಿದಳು. "ಬರ್ಕಂಡ್ರಾ ಸ್ವಾಮಿ?"

"ಬರ್ಕೊಂಡೆ ಕಣಮ್ಮ!" ಅಂದೆ. ಅಧ್ಯಕ್ಷರು ನಗು ತಡೆಯಲಾರದೆ ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು. ಮಧ್ಯಾಹ್ನದೊಳಗೆ ಮಣ್ಣಿನ ಗುಡ್ಡೆ ಕರಗಿಹೋಯಿತು.

ಸಂಜೆ ಹೆಂಗಸರ ಕೈಗೆ ಪೂರ್ತಿ ಕೂಲಿ ಬಂತು. "ಸೋಮವಾರ ಮಗಳನ್ನ ಕರ್ಕೊಂಡು ಬಾ ದೊಡ್ಡಕ್ಕ, ಒಂದು ಆಳು ಅಂತಲೇ ಬರೀತೀನಿ" ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಕ್ಕದಲ್ಲಿ ನಿಂತಿದ್ದ ಗಂಡ ಮಾತ್ರ ತಲೆ ಕೆರೆದುಕೊಂಡ. "ಎಲ್ಲಾ ಸರಿ ಕಣಮ್ಮಿ. ನೀನು ಪೂರ್ತಿ ಆಳಾದೆ. ಇನ್ನ ಮನೇಲಿ ನನ್ ಮಾತು ಅರ್ಧಕ್ಕಿಳೀತಲ್ಲ?"

ದೊಡ್ಡಕ್ಕ ಸಿಂಬೆ ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು:

"ಅರ್ಧಕ್ಕಾ? ಅಷ್ಟೊಂದು ಯಾವತ್ತಿತ್ತಯ್ಯಾ?"